ಒತ್ತು ಕತ್ತರಿಸುವ ಹಕ್ಕು ನಿಮಗ್ಯಾರು ಕೊಟ್ಟರು?

ಇಂಟರ್‌ವ್ಯೂಗೆ ಬರುವ ಫ್ರಂಟ್‌ಎಂಡ್ ಹುಡುಗ ಹುಡುಗಿಯರಿಗೆ ನಾನು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. ಸಿಎಸ್‌ಎಸ್ ಅಂದ್ರೆ ಕ್ಯಾಸ್ಕೇಡಿಂಗ್ ಸ್ಟೈಲ್ ಶೀಟ್ಸ್ ಅಂತ ಎಲ್ಲರೂ ಹೇಳ್ತಾರೆ. ಸರಿ, ಆ 'ಕ್ಯಾಸ್ಕೇಡಿಂಗ್' ಅನ್ನೋ ಪದ ಅಲ್ಲಿ ಯಾಕಿದೆ? ಯಾವುದರ ಮೇಲೆ ಯಾವುದು ಧುಮುಕುತ್ತೆ? ಬಹಳಷ್ಟು ಜನ ತಕ್ಷಣ ಸ್ಪೆಸಿಫಿಸಿಟಿ ಲೆಕ್ಕ ಶುರು ಮಾಡ್ತಾರೆ. ಐಡಿಗೆ ಇಷ್ಟು ಮಾರ್ಕು, ಕ್ಲಾಸಿಗೆ ಇಷ್ಟು ಮಾರ್ಕು. ಅದು ಉತ್ತರದ ಬಾಲ ಅಷ್ಟೇ. ತಲೆ ಬೇರೆ ಕಡೆ ಇದೆ.

1994ರ ಅಕ್ಟೋಬರ್‌ನಲ್ಲಿ, ಸರ್ನ್‌ನಲ್ಲಿ ಕೆಲಸ ಮಾಡ್ತಿದ್ದ ಹೋಕನ್ ವಿಯುಮ್ ಲೀ ಅನ್ನುವ ನಾರ್ವೆಯವರು ಒಂದು ಪ್ರಸ್ತಾವ ಬರೆದರು. ಪುಟ ಹೇಗೆ ಕಾಣಬೇಕು ಅಂತ ಬರೆದವರೂ ಹೇಳಬಹುದು, ಓದುವವರೂ ಹೇಳಬಹುದು, ಇಬ್ಬರ ಮಾತನ್ನೂ ಸೇರಿಸಿ ಬ್ರೌಸರ್ ತೀರ್ಮಾನ ಮಾಡಬೇಕು ಅನ್ನೋದು ಅದರ ತಿರುಳು. ಎಷ್ಟರಮಟ್ಟಿಗೆ ಅಂದ್ರೆ, ಒಂದು ತಲೆಬರಹದ ಅಕ್ಷರದ ಗಾತ್ರ ಹೇಳಿ, ಪಕ್ಕದಲ್ಲೇ 'ನನ್ನ ಈ ಮಾತಿಗೆ 40% ತೂಕ' ಅಂತ ಬರೆಯುವ ಅವಕಾಶ ಆ ಪ್ರಸ್ತಾವದಲ್ಲಿತ್ತು. ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡ ಹಾಗೆ! ಶೇಕಡಾವಾರು ಲೆಕ್ಕ ಮುಂದೆ ಉಳಿಯಲಿಲ್ಲ. ಆದರೆ ಜಗಳ ಬಗೆಹರಿಸುವ ವಿಚಾರ ಉಳಿಯಿತು. 1996ರ ಡಿಸೆಂಬರ್‌ನಲ್ಲಿ ಬಂದ ಮೊದಲ ಆವೃತ್ತಿಯಲ್ಲಿ ಬರೆದವರ '!ಇಂಪಾರ್ಟೆಂಟ್' ಓದುವವರ '!ಇಂಪಾರ್ಟೆಂಟ್' ಅನ್ನು ಸೋಲಿಸುತ್ತಿತ್ತು. 1998ರ ಎರಡನೇ ಆವೃತ್ತಿಯಲ್ಲಿ ಅದನ್ನು ತಿರುಗಿಸಿ ಹಾಕಿದರು. ಕೊನೆಯ ಮಾತು ಓದುವವರದ್ದು ಅಂತ ಆಯ್ತು. ಕಣ್ಣು ಮಂಜಾದವರಿಗೆ, ಬಣ್ಣ ಗೊತ್ತಾಗದವರಿಗೆ, ಬೇರೆ ಲಿಪಿಯಲ್ಲಿ ಓದುವವರಿಗೆ ತಮಗೆ ಏನು ಬೇಕು ಅಂತ ಗೊತ್ತಿರುತ್ತೆ, ಬರೆದವರಿಗೆ ಗೊತ್ತಿರಲ್ಲ ಅನ್ನೋ ಸರಳ ನ್ಯಾಯ.

ಈಗ ನಮ್ಮ ಕಂಪ್ಯೂಟರ್‌ಗಳ ಮೇಲೆ ಓಡುವ ಡೆಸ್ಕ್‌ಟಾಪ್ ಅಪ್ಲಿಕೇಶನ್‌ಗಳ ಕಡೆ ಬನ್ನಿ. ಒಂದು ಕಾಲದಲ್ಲಿ ಬಟನ್, ಟಿಕ್ ಬಾಕ್ಸ್, ಸ್ಕ್ರೋಲ್ ಬಾರ್ ಇವನ್ನೆಲ್ಲ ಆಪರೇಟಿಂಗ್ ಸಿಸ್ಟಮ್ಮೇ ಬಿಡಿಸುತ್ತಿತ್ತು. ಎಲ್ಲ ಅಪ್ಲಿಕೇಶನ್‌ಗಳೂ ಒಂದೇ ಥರ ಕಾಣ್ತಿದ್ದವು, ಬೋರಾಗಿ, ಸರಕಾರಿ ಶಾಲೆ ಯೂನಿಫಾರ್ಮಿನ ಥರ. ಆಮೇಲೆ 2006ರಲ್ಲಿ ಕ್ಯೂಟಿ 4.2 ಬಂದಾಗ ಸಿಎಸ್‌ಎಸ್ ಮಾದರಿಯ ಸ್ಟೈಲ್ ಶೀಟ್ ಬಂತು. 2011ರಲ್ಲಿ ಜಿಟಿಕೆ 3 ತನ್ನ ಥೀಮ್‌ಗಳನ್ನೆಲ್ಲ ಸಿಎಸ್‌ಎಸ್‌ನಲ್ಲೇ ಬರೆಯೋಕೆ ಶುರು ಮಾಡಿತು. ಜಾವಾಎಫ್‌ಎಕ್ಸ್ ಕೂಡ ಅದೇ ದಾರಿ ಹಿಡಿಯಿತು. ಎಲೆಕ್ಟ್ರಾನ್ ಅಂತೂ ಇಡೀ ಕ್ರೋಮಿಯಂ ಬ್ರೌಸರನ್ನೇ ಹೊಟ್ಟೆಯಲ್ಲಿಟ್ಟುಕೊಂಡು ಬಂತು. ಬಣ್ಣ ಬೇಕಾ, ದುಂಡು ಮೂಲೆ ಬೇಕಾ, ನೆರಳು ಬೇಕಾ, ನಾಲ್ಕು ಸಾಲು ಬರೆದರೆ ಸಾಕು. ನನಗೂ ಇದು ಇಷ್ಟವೇ. ಸಿ++ನಲ್ಲಿ ಪೇಂಟ್ ಫಂಕ್ಷನ್ ಬರೆದು ಸ್ಕ್ರೋಲ್ ಬಾರ್ ಬಿಡಿಸಿದವರಿಗೆ ಗೊತ್ತು ಆ ಸುಖ.

ನನ್ನ ತಕರಾರು ಇಷ್ಟೇ. ಸಿಎಸ್‌ಎಸ್‌ನಿಂದ ಎರಡು 'ಎಸ್' ತಗೊಂಡು 'ಸಿ'ಯನ್ನು ಹೊರಗೆ ಬಿಟ್ಟು ಬಂದಿದ್ದೀವಿ. ಬರೆದವರ ಕೈಗೆ ಕತ್ತರಿ ಕೊಟ್ಟು, ಓದುವವರ ಕೈಯಿಂದ ಸೂಜಿದಾರ ಕಸಿದಿದ್ದೀವಿ. ಇದರ ಏಟು ಮೊದಲು ಬೀಳೋದು ನಮ್ಮ ಕನ್ನಡದ ಮೇಲೆ.

ಯಾಕೆ ಅಂತ ನೋಡಿ. ಇಂಗ್ಲಿಷ್ ಅಕ್ಷರ ಹೆಚ್ಚುಕಮ್ಮಿ ಒಂದು ಗೆರೆಯ ಮೇಲೆ ಕೂರುತ್ತೆ, 'ಜಿ', 'ವೈ' ಥರದವು ಸ್ವಲ್ಪ ಬಾಲ ಇಳಿಬಿಡುತ್ತವೆ, ಮುಗೀತು. ಕನ್ನಡದ ಅಕ್ಷರ ಮಹಡಿ ಮನೆ. ನಡುವೆ ಮೂಲ ಅಕ್ಷರ, ಮೇಲೆ ಗುಡಿಸು, ಕೆಳಗೆ ಒತ್ತು, ಕೆಲವೊಮ್ಮೆ ಒತ್ತಿನ ಜೊತೆ ಇನ್ನೊಂದು ಒತ್ತು. 'ಸ್ತ್ರೀ', 'ರಾಷ್ಟ್ರೀಯ', 'ಶಸ್ತ್ರಾಸ್ತ್ರ' ಬರೆದು ನೋಡಿ, ಒಂದೊಂದಕ್ಕೂ ನೆಲಮಾಳಿಗೆ ಬೇಕು. ಈಗ ಬೆಂಗಳೂರಿನ ಯಾವುದೋ ಗಾಜಿನ ಕಟ್ಟಡದಲ್ಲಿ ಕೂತ ಡೆವಲಪರ್ ಟೇಬಲ್ಲಿನ ಒಂದು ಸಾಲಿಗೆ ಹೀಗೆ ಬರೀತಾನೆ: ಹೈಟ್ 24 ಪಿಕ್ಸೆಲ್, ಲೈನ್-ಹೈಟ್ 1, ಓವರ್‌ಫ್ಲೋ ಹಿಡನ್. ಲೈನ್-ಹೈಟ್ 1 ಅಂದ್ರೆ ಫಾಂಟಿನ ಗಾತ್ರ ಎಷ್ಟೋ ಸಾಲಿನ ಎತ್ತರವೂ ಅಷ್ಟೇ. ಫಾಂಟ್ ತನ್ನ ಒಳಗೆ 'ನನಗೆ ಮೇಲೆ ಇಷ್ಟು, ಕೆಳಗೆ ಇಷ್ಟು ಜಾಗ ಬೇಕಪ್ಪಾ' ಅಂತ ಬರೆದುಕೊಂಡಿರುವುದನ್ನು ಆಗ ಯಾರೂ ಕೇಳಲ್ಲ. ಇನ್ನು ಓವರ್‌ಫ್ಲೋ ಹಿಡನ್ ಯಾಕೆ ಬರೀತಾರೆ ಗೊತ್ತಾ? ಉದ್ದದ ಹೆಸರಿನ ಕೊನೆಗೆ ಮೂರು ಚುಕ್ಕಿ ಬರಲಿ ಅಂತ. ಅಗಲ ಉಳಿಸೋಕೆ ಹೋಗಿ ಕಾಲು ಕತ್ತರಿಸೋದು. ಅದರ ಮೇಲೆ ಫಾಂಟ್-ಫ್ಯಾಮಿಲಿ ಅಂತ ಇಂಗ್ಲಿಷ್ ಫಾಂಟ್ ಒಂದರ ಹೆಸರು. ಸೆಗೋ ಯುಐನಲ್ಲಿ ಕನ್ನಡ ಇಲ್ಲ. ವಿಂಡೋಸ್ ತಾನೇ ಹುಡುಕಿ ನಿರ್ಮಲಾ ಯುಐ ತಂದು ಕೂರಿಸುತ್ತೆ. ಡಿಸೈನರ್ ಅಳತೆ ತಗೊಂಡಿದ್ದು ಒಬ್ಬನಿಗೆ, ಅಂಗಿ ಹಾಕಿಕೊಂಡವನು ಇನ್ನೊಬ್ಬ.

ಫಲಿತಾಂಶ? ಒತ್ತುಗಳು ಮಾಯ. ಇಲ್ಲವೇ ಅರ್ಧ ಕಾಣುತ್ತವೆ, ನೀರಿನ ಮೇಲೆ ಎಮ್ಮೆ ತಲೆ ಕಂಡ ಹಾಗೆ.

ಇಂಗ್ಲಿಷಿನಲ್ಲಿ 'ಜಿ'ಯ ಬಾಲ ಕತ್ತರಿಸಿದರೆ ಅದು ಬಾಲ ಕತ್ತರಿಸಿದ 'ಜಿ', ಅಷ್ಟೇ. ಕನ್ನಡದಲ್ಲಿ ಒತ್ತು ಹೋದರೆ ಬೇರೆಯೇ ಪದ ಹುಟ್ಟುತ್ತೆ. ಕತ್ತೆ ಕತೆ ಆಗುತ್ತೆ. ಮಗ್ಗ ಮಗ ಆಗ್ತಾನೆ. ಬಳ್ಳಿ ಬಳಿ ಬರುತ್ತೆ. ನಗಬೇಡಿ. ನಮ್ಮೂರ ಕಡೆ, ಅಂದ್ರೆ ಧಾರವಾಡದ ಆಚೆ, ಹೆಂಗಸರ ಹೆಸರುಗಳ ಕೊನೆಗೆ 'ಅವ್ವ' ಬರುತ್ತೆ. ಬಸವ್ವನ ಒತ್ತು ತೆಗೆದರೆ ಬಸವ. ಹೆಣ್ಣು ಹೋಗಿ ಗಂಡಾಯ್ತು, ಎತ್ತೂ ಆಯ್ತು. ಮಲ್ಲವ್ವ ಅನ್ನುವ ಹೆಸರಿನ ಎರಡೂ ಒತ್ತು ಕತ್ತರಿಸಿ ನೀವೇ ಮನಸ್ಸಿನಲ್ಲಿ ಓದಿಕೊಳ್ಳಿ. ನಾನು ಬರೆಯಲ್ಲ.

ಇದು ಕಲ್ಪನೆ ಅಲ್ಲ. ನಮ್ಮೂರ ಹಾಲಿನ ಡೈರಿಯಲ್ಲಿ ಈಗ ಕಂಪ್ಯೂಟರ್ ಇದೆ. ಹಾಲು ಹಾಕಿದ ಕೂಡಲೇ ಲೀಟರು, ಫ್ಯಾಟು, ಎಸ್‌ಎನ್‌ಎಫ್, ಸದಸ್ಯರ ಹೆಸರು ಪರದೆ ಮೇಲೆ ಬರುತ್ತೆ. ಯಾವ ಕಂಪನಿಯ ಸಾಫ್ಟ್‌ವೇರೋ, ಬೇಡ ಬಿಡಿ. ಊರಿಗೆ ಹೋದಾಗ ದೊಡ್ಡವ್ವನ ಜೊತೆ ಕ್ಯಾನ್ ಹಿಡ್ಕೊಂಡು ಹೋಗಿದ್ದೆ. ದೊಡ್ಡವ್ವ ಶಾಲೆಗೆ ಹೋದವಳಲ್ಲ. ಸಾಕ್ಷರತೆ ಆಂದೋಲನದ ಕಾಲದಲ್ಲಿ ರಾತ್ರಿ ಕೂತು ತನ್ನ ಹೆಸರು ಬರೆಯೋದು ಕಲಿತವಳು. ತನ್ನ ಹೆಸರಿನ ಒಂದೊಂದು ಗೆರೆಯನ್ನೂ ರಂಗೋಲಿ ಚುಕ್ಕಿ ನೆನಪಿಟ್ಟ ಹಾಗೆ ನೆನಪಿಟ್ಟವಳು. ಪರದೆ ನೋಡಿ ಅಂದಳು, "ತಮ್ಮಾ, ಇದು ನನ್ನ ಹೆಸರಿನ ಕಾಲು ಮುರದೈತಿ ನೋಡೋ. ನೀ ಇದ ಕೆಲಸ ಮಾಡತಿಯಲ್ಲ, ಹೇಳಬಾರದ ಯಾರಿಗಾರ?" ಸೆಕ್ರೆಟರಿ ಮಾಮಾ ನಕ್ಕು, "ನಂಬರ್ ಬರೋಬರಿ ಐತಿ ತಗೋಬೇ, ರೊಕ್ಕ ಬರತೈತಿ" ಅಂದರು. ಅವರ ಮಾತೂ ಸುಳ್ಳಲ್ಲ. ಹಾಲಿನ ದುಡ್ಡು ಸದಸ್ಯ ಸಂಖ್ಯೆಗೆ ಬರುತ್ತೆ, ಹೆಸರಿಗಲ್ಲ.

ಆದ್ದರಿಂದಲೇ ನಮ್ಮ ಉದ್ಯಮದಲ್ಲಿ ಇದಕ್ಕೊಂದು ಹೆಸರಿದೆ: ಕಾಸ್ಮೆಟಿಕ್. ಟಿಕೆಟ್ ಹಾಕಿದರೆ ಸಿವಿಯಾರಿಟಿ ಕಾಲಂನಲ್ಲಿ ಅದನ್ನೇ ಬರೀತಾರೆ. ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ಕಡೆ ಇಂಥದೇ ಟಿಕೆಟ್ಟು ಒಂದೂವರೆ ವರ್ಷ ಬ್ಯಾಕ್‌ಲಾಗ್‌ನಲ್ಲಿ ಮಲಗಿತ್ತು. ಆ ಅವಧಿಯಲ್ಲಿ ಬಟನ್ನಿನ ನೀಲಿ ಬಣ್ಣ ಮೂರು ಸಲ ಬದಲಾಯ್ತು. ಅದು ಯಾವತ್ತೂ ಕಾಸ್ಮೆಟಿಕ್ ಆಗಿರಲಿಲ್ಲ, ಅದು 'ಬ್ರ್ಯಾಂಡ್ ರಿಫ್ರೆಶ್'!

ಕಾಸ್ಮೆಟಿಕ್ ಅನ್ನುವವರು ಒಂದು ನಿಮಿಷ ಟೆಕ್ಸ್ಟ್ ಬಾಕ್ಸ್ ಕಡೆ ನೋಡಬೇಕು. ಇಲ್ಲಿಯವರೆಗೆ ಹೇಳಿದ್ದು ತೋರಿಸುವ ಜಾಗದ ಕತೆ. ಬರೆಯುವ ಜಾಗದಲ್ಲೂ ಅದೇ 24 ಪಿಕ್ಸೆಲ್ ಇದ್ದರೆ? ಕೌಂಟರಿನಲ್ಲಿ ಕೂತ ಆಪರೇಟರ್ 'ಸಿದ್ದಪ್ಪ' ಅಂತ ಹೊಡೆದನೋ 'ಸಿದ್ಧಪ್ಪ' ಅಂತ ಹೊಡೆದನೋ ಅವನಿಗೇ ಕಾಣಲ್ಲ. ವ್ಯತ್ಯಾಸ ಇರೋದೇ ಕತ್ತರಿಸಿ ಹೋದ ಭಾಗದಲ್ಲಿ. ಫಾಂಟ್ 11 ಪಿಕ್ಸೆಲ್ ಆದರೆ ಒತ್ತು ಯಾಕೆ, ದ ಮತ್ತು ಧ, ಪ ಮತ್ತು ಫ ನಡುವಿನ ಆ ಸಣ್ಣ ಸೀಳೇ ಮುಚ್ಚಿಹೋಗುತ್ತೆ. ಕಾಣದೆ ಹೊಡೆದದ್ದು ಡೇಟಾಬೇಸಿಗೆ ಹೋಗುತ್ತೆ, ಅಲ್ಲಿಂದ ಪ್ರಿಂಟಾಗಿ ಬರುತ್ತೆ. ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮತ್ತೊಂದು ಅಂತ ಅಫಿಡವಿಟ್ ಹಿಡ್ಕೊಂಡು ತಾಲ್ಲೂಕಾಫೀಸಿಗೆ ಅಲೆಯುವವರನ್ನು ಹಳ್ಳಿಯಿಂದ ಬಂದ ಎಲ್ಲರೂ ನೋಡಿದ್ದೀವಿ, ಬಹಳಷ್ಟು ಜನರ ಮನೆಯಲ್ಲೇ ನೋಡಿದ್ದೀವಿ. ಎಲ್ಲದಕ್ಕೂ ಸಿಎಸ್‌ಎಸ್ಸೇ ಕಾರಣ ಅಂತ ನಾನು ಹೇಳ್ತಿಲ್ಲ. ಆದರೆ ಹೊಡೆದದ್ದು ಕಣ್ಣಿಗೆ ಕಾಣದ ಪೆಟ್ಟಿಗೆಯಲ್ಲಿ ಸರಿಯಾಗಿ ಹೊಡಿ ಅಂತ ಆಪರೇಟರ್‌ಗೆ ಬೈಯೋದು ಯಾವ ನ್ಯಾಯ ಸ್ವಾಮಿ?

'ಝೂಮ್ ಮಾಡ್ಕೊಳ್ಳಲಿ' ಅಂತ ಒಬ್ಬ ಸಹೋದ್ಯೋಗಿ ಅಂದಿದ್ದ. ಝೂಮ್ ಮಾಡಿದ್ರೆ ಅಕ್ಷರದ ಜೊತೆ ಪೆಟ್ಟಿಗೆಯೂ ದೊಡ್ಡದಾಗುತ್ತೆ. ಕತ್ತರಿಸಿದ ಕಾಲು ದೊಡ್ಡದಾಗಿ ಕತ್ತರಿಸಿದ ಹಾಗೆ ಕಾಣುತ್ತೆ. 'ಕನ್ನಡದಲ್ಲಿ ಯುಐ ಯಾರು ಇಟ್ಕೊಳ್ತಾರೆ, ಎಲ್ಲರೂ ಇಂಗ್ಲಿಷೇ' ಅಂತ ಇನ್ನೊಬ್ಬಳು ಅಂದಳು. ಇರಬಹುದು. ಮೆನು ಇಂಗ್ಲಿಷಿನಲ್ಲಿರಲಿ, ಹೆಸರು ಕನ್ನಡದಲ್ಲಿರುತ್ತಲ್ಲ? ಫೈಲಿನ ಹೆಸರು, ಹಾಡಿನ ಹೆಸರು, ಚಾಟ್‌ನಲ್ಲಿ ಅಮ್ಮ ಕಳಿಸಿದ 'ಊಟ ಆಯ್ತಾ'. ಭಾಷೆ ಬರೋದು ಸೆಟ್ಟಿಂಗ್ಸ್‌ನಿಂದಲ್ಲ, ಜನರಿಂದ.

ಈಗ ಪರಿಹಾರ ಓದುವವರ ಕೈಯಲ್ಲಿ ಇದೆಯಾ ಅಂತ ನೋಡೋಣ. ಸಿಎಸ್‌ಎಸ್‌ನ ಮೂಲ ನ್ಯಾಯದ ಪ್ರಕಾರ ಇರಬೇಕಿತ್ತು.

ಜಿಟಿಕೆಯವರನ್ನು ಮೊದಲು ಹೊಗಳಬೇಕು. ಅವರ ಸಿಎಸ್‌ಎಸ್‌ನಲ್ಲಿ 'ಹೈಟ್' ಅನ್ನುವ ಪ್ರಾಪರ್ಟಿಯೇ ಇಲ್ಲ. 'ಮಿನ್-ಹೈಟ್' ಮಾತ್ರ ಇದೆ. ಕನಿಷ್ಠ ಇಷ್ಟಿರಲಿ ಅನ್ನಬಹುದು, ಇಷ್ಟೇ ಇರಲಿ ಅನ್ನೋ ಹಾಗಿಲ್ಲ. ಒಳಗಿನ ಅಕ್ಷರಕ್ಕೆ ಹೆಚ್ಚು ಬೇಕಾದರೆ ಬಟನ್ ತಾನೇ ಬೆಳೆಯುತ್ತೆ. ನಮ್ಮೂರ ಟೇಲರ್ ಶಾಲೆಯ ಚಡ್ಡಿ ಹೊಲಿಯುವಾಗ ಒಳಗೆ ಎರಡು ಬೆರಳು ಬಟ್ಟೆ ಮಡಚಿ ಬಿಡ್ತಿದ್ದ, ಮುಂದಿನ ವರ್ಷ ಬಿಚ್ಚಿ ಉದ್ದ ಮಾಡೋಕೆ. ಅದೇ ಬುದ್ಧಿ ಇದು. ಇನ್ನೂ ಒಂದು ಇದೆ. ಜಿಟಿಕೆಯಲ್ಲಿ ಸ್ಟೈಲ್ ಎಲ್ಲಿಂದ ಬಂತು ಅನ್ನೋದಕ್ಕೆ ಅಂಕಿ ಇದೆ: ಥೀಮ್‌ನಿಂದ ಬಂದರೆ 200, ಅಪ್ಲಿಕೇಶನ್‌ನಿಂದ ಬಂದರೆ 600, ಬಳಸುವವರ ಸ್ವಂತ ಫೈಲಿನಿಂದ ಬಂದರೆ 800. ಹೋಮ್ ಫೋಲ್ಡರಿನ ಕಾನ್ಫಿಗ್ ಒಳಗೆ ಜಿಟಿಕೆ ಡಾಟ್ ಸಿಎಸ್‌ಎಸ್ ಅಂತ ಒಂದು ಫೈಲ್ ಇಟ್ಟು, ಪ್ಯಾಡಿಂಗ್ ಜಾಸ್ತಿ ಮಾಡಿ, ಕನ್ನಡದ ಫಾಂಟ್ ಹೆಸರು ಬರೆದರೆ ಡೆವಲಪರ್ ಏನೇ ಬರೆದಿರಲಿ, ನಿಮ್ಮ ಮಾತು ಮೇಲೆ. 800 ಅಂದರೆ 600ಕ್ಕಿಂತ ದೊಡ್ಡದು. 1998ರ ತೀರ್ಪನ್ನು ಅಂಕಿಯಲ್ಲಿ ಬರೆದಿಟ್ಟಿದ್ದಾರೆ.

2019ರಲ್ಲಿ ಗ್ನೋಮ್ ಬಳಗದ ಒಂದಷ್ಟು ಡೆವಲಪರ್‌ಗಳು 'ದಯವಿಟ್ಟು ನಮ್ಮ ಆಪ್‌ಗಳಿಗೆ ಥೀಮ್ ಹಚ್ಚಬೇಡಿ' ಅನ್ನೋ ಅರ್ಥದ ಬಹಿರಂಗ ಪತ್ರ ಬರೆದರು. 2021ರ ಕೊನೆಯ ದಿನ ಲಿಬ್‌ಅಡ್ವೈತ ಬಂತು (ಬರೆಯೋದು ಅಡ್ವೈಟಾ ಅಂತ, ಮೂಲ ನಮ್ಮ ಅದ್ವೈತವೇ), ಅದನ್ನು ಬಳಸುವ ಆಪ್‌ಗಳಿಗೆ ಹೊರಗಿನ ಥೀಮ್ ಹತ್ತದ ಹಾಗಾಯ್ತು. ಅವರ ಕಷ್ಟ ನಿಜ. ಯಾರೋ ಡಿಸ್ಟ್ರೋದವರು ಬಣ್ಣ ಬಳಿದು ಬಟನ್ ಕೆಡಿಸಿದರೆ ಬೈಗುಳ ಬರೋದು ಆಪ್ ಬರೆದವನಿಗೆ. ಆ ಪತ್ರವೂ ಡಿಸ್ಟ್ರೋದವರಿಗೇ ಬರೆದದ್ದು, ನಿಮ್ಮ ನಿಮ್ಮ ಕಂಪ್ಯೂಟರಿನಲ್ಲಿ ಏನಾದರೂ ಮಾಡಿಕೊಳ್ಳಿ ಅಂತಲೇ ಹೇಳಿದ್ದರು. ಆದರೆ 'ನಾವು ಪರೀಕ್ಷೆ ಮಾಡಿದ ಒಂದೇ ರೂಪದಲ್ಲಿ ನೋಡಿ' ಅನ್ನುವವರು, ಆ ಒಂದು ರೂಪವನ್ನು ಯಾವ ಯಾವ ಲಿಪಿಯಲ್ಲಿ ಪರೀಕ್ಷೆ ಮಾಡಿದೆವು ಅಂತಲೂ ಹೇಳಬೇಕಲ್ವಾ? ಅಧಿಕಾರ ತಗೊಂಡ ಮೇಲೆ ಜವಾಬ್ದಾರಿಯೂ ಬರುತ್ತೆ.

ಕ್ಯೂಟಿಯಲ್ಲಿ ಪರಿಸ್ಥಿತಿ ಉಲ್ಟಾ. ಅಲ್ಲಿ ಒಂದು ವಿಜೆಟ್ಟಿಗೆ ನೇರವಾಗಿ ಅಂಟಿಸಿದ ಸ್ಟೈಲ್ ಶೀಟೇ ಯಾವಾಗಲೂ ಗೆಲ್ಲುತ್ತೆ, ಸ್ಪೆಸಿಫಿಸಿಟಿ ಎಷ್ಟೇ ಇರಲಿ. ಅವರ ಡಾಕ್ಯುಮೆಂಟೇಶನ್ನಿನಲ್ಲೇ ಹಾಗೆ ಬರೆದಿದೆ. ಕಮ್ಯಾಂಡ್ ಲೈನಿನಿಂದ ನಮ್ಮದೇ ಸ್ಟೈಲ್ ಶೀಟ್ ಕೊಡುವ ಸೌಲಭ್ಯ ಇದೆ, ಇಲ್ಲ ಅನ್ನಲ್ಲ. ಆದರೆ ಅದು ಇಡೀ ಅಪ್ಲಿಕೇಶನ್ ಮಟ್ಟದ್ದು, ವಿಜೆಟ್ಟಿನ ಮೈಗೆ ಅಂಟಿದ ಚೀಟಿಯ ಮುಂದೆ ಸೋಲುತ್ತೆ. ನಮ್ಮ ಡೆವಲಪರ್‌ಗಳು ಅಂಟಿಸೋದು ಅಲ್ಲೇ, ಪ್ರತಿ ಬಟನ್ನಿನ ಹಣೆಗೆ. ಜೊತೆಗೆ ಮ್ಯಾಕ್ಸ್-ಹೈಟ್ ಬೇರೆ. ಇನ್ನೊಂದು ತಮಾಷೆ: ಕ್ಯೂಟಿಯಲ್ಲಿ ಕಾಂಬೊ ಬಾಕ್ಸಿನ ಒಂದು ಗುಣ ಬದಲಾಯಿಸಿದರೆ ಉಳಿದದ್ದೆಲ್ಲವನ್ನೂ ನೀವೇ ಬರೀಬೇಕು, ಇಲ್ಲಾಂದ್ರೆ ಬಾಣದ ಗುರುತೇ ವಿಕಾರ ಆಗುತ್ತೆ. ಹೀಗೆ ಒಂದು ಗೆರೆ ತಿದ್ದೋಕೆ ಹೋದವರು ಇಡೀ ವಿಜೆಟ್ಟಿನ ಅಳತೆಯನ್ನೆಲ್ಲ ಪಿಕ್ಸೆಲ್‌ನಲ್ಲಿ ಬರೆದು ಕೈ ತೊಳ್ಕೊಳ್ತಾರೆ.

ಫೈರ್‌ಫಾಕ್ಸ್ ತನ್ನ ಟ್ಯಾಬು, ಮೆನು ಎಲ್ಲವನ್ನೂ ಸಿಎಸ್‌ಎಸ್‌ನಲ್ಲೇ ಅಲಂಕರಿಸುತ್ತೆ. ಬಳಸುವವರು 'ಯೂಸರ್‌ಕ್ರೋಮ್' ಅನ್ನೋ ಫೈಲಿನಲ್ಲಿ ಅದನ್ನು ತಿದ್ದಬಹುದಿತ್ತು. 2019ರಿಂದ ಆ ಬಾಗಿಲಿಗೆ ಚಿಲಕ ಹಾಕಿದ್ದಾರೆ. ಒಳಗಿನ ಸೆಟ್ಟಿಂಗ್ಸ್‌ನಲ್ಲಿ ಒಂದು ಮಾರುದ್ದದ ಹೆಸರನ್ನು ಹುಡುಕಿ ಆನ್ ಮಾಡಿದರೆ ತೆರೆಯುತ್ತೆ. ಆ ಹೆಸರಿನಲ್ಲೇ 'ಲೆಗಸಿ' ಅಂತ ಇದೆ, ಅಂದ್ರೆ ಅಜ್ಜನ ಕಾಲದ್ದು, ಯಾವಾಗ ಬೇಕಾದರೂ ಹೋಗಬಹುದು ಅಂತ. ಕ್ರೋಮ್ ಅಂತೂ ಪುಟಗಳಿಗೆ ಓದುವವರು ಹಾಕಬಹುದಾಗಿದ್ದ ಸ್ಟೈಲ್ ಶೀಟಿನ ಬೆಂಬಲವನ್ನು 2014ರಲ್ಲೇ ಕಿತ್ತುಹಾಕಿತು.

ಎಲೆಕ್ಟ್ರಾನ್ ಹೆಚ್ಚು ಹೊಟ್ಟೆ ಉರಿಸುವುದು. ಅಲ್ಲಿ ಇರೋದು ನಿಜವಾದ, ಪೂರ್ತಿ ಸಿಎಸ್‌ಎಸ್. ಕ್ಯಾಸ್ಕೇಡ್‌ನ ಎಲ್ಲ ನಿಯಮವೂ ಅಲ್ಲಿ ಜೀವಂತ ಇದೆ. ಆದರೂ ಬಳಸುವವರಿಗೆ ಬಾಗಿಲಿಲ್ಲ. ವಿಎಸ್ ಕೋಡ್ ಉದಾಹರಣೆ ತಗೊಳ್ಳಿ. ಬಣ್ಣದ ಥೀಮ್ ಬೇಕಾದಷ್ಟು ಹಾಕ್ಕೊಳ್ಳಿ, ಆದರೆ ಅದರ ಪಟ್ಟಿಗಳ, ಬಟನ್‌ಗಳ ಸಿಎಸ್‌ಎಸ್ ಮುಟ್ಟೋ ಹಾಗಿಲ್ಲ. ಯಾವುದೋ ಎಕ್ಸ್‌ಟೆನ್ಶನ್ ಹಾಕಿ ಒಳಗಿನ ಫೈಲಿಗೆ ನಾಲ್ಕು ಸಾಲು ಸೇರಿಸಿದರೆ, ನಿಮ್ಮ ಇನ್‌ಸ್ಟಲೇಶನ್ ಕೆಟ್ಟಂತಿದೆ, ಮತ್ತೆ ಇನ್‌ಸ್ಟಾಲ್ ಮಾಡಿ ಅನ್ನೋ ಎಚ್ಚರಿಕೆ ಬರುತ್ತೆ, ಕಿಟಕಿಯ ತಲೆಪಟ್ಟಿಯಲ್ಲಿ 'ಅನ್‌ಸಪೋರ್ಟೆಡ್' ಅಂತ ಮುದ್ರೆ ಬೀಳುತ್ತೆ. ಫೈಲುಗಳನ್ನು ಯಾರಾದರೂ ಕಳ್ಳತನದಲ್ಲಿ ತಿದ್ದಿದರೆ ಗೊತ್ತಾಗಲಿ ಅನ್ನೋ ಕಾವಲು ಅದು, ಒಪ್ಪಿದೆ. ಆದರೆ ಮುಂಬಾಗಿಲು ಇದ್ದಿದ್ದರೆ ಜನ ಹಿತ್ತಲಿಂದ ಯಾಕೆ ಬರ್ತಿದ್ದರು?

'ಬಳಸುವವರು ಕೆಡಿಸಿಕೊಂಡರೆ ನಮ್ಮ ಬ್ರ್ಯಾಂಡಿನ ಗತಿ?' ಅನ್ನೋದು ಡಿಸೈನ್ ಸಿಸ್ಟಮ್ ತಂಡದವರ ಕೊನೆಯ ಅಸ್ತ್ರ. ನಿಮ್ಮ ಬ್ರ್ಯಾಂಡ್ ಅಂದ್ರೆ ದುಂಡು ಮೂಲೆಯ 6 ಪಿಕ್ಸೆಲ್ಲಾ? ಒಬ್ಬ ಹೆಂಗಸಿನ ಹೆಸರನ್ನು ಬೈಗುಳದ ಹಾಗೆ ತೋರಿಸಿದಾಗ ಬ್ರ್ಯಾಂಡಿಗೆ ಏನೂ ಆಗಲ್ಲ, ಅವಳ ಮೊಮ್ಮಗ ಪ್ಯಾಡಿಂಗ್ ಎರಡು ಪಿಕ್ಸೆಲ್ ಹೆಚ್ಚು ಮಾಡಿಕೊಟ್ಟರೆ ಮಾನ ಹೋಗುತ್ತಾ?

ಮಾಡಬೇಕಾದ್ದು ದೊಡ್ಡದೇನಿಲ್ಲ. ಇದನ್ನು ಓದ್ತಿರೋರಲ್ಲಿ ಅರ್ಧ ಜನ ನಾಳೆ ಬೆಳಗ್ಗೆ ಮಾನ್ಯತಾದಲ್ಲೋ ವೈಟ್‌ಫೀಲ್ಡ್‌ನಲ್ಲೋ ಲ್ಯಾಪ್‌ಟಾಪ್ ತೆರೆದು ಇದೇ ಫೈಲುಗಳಿಗೆ ಕೈ ಹಾಕೋರು, ಅದಕ್ಕೇ ಹೇಳ್ತಿದ್ದೀನಿ. ಅಕ್ಷರ ಇರುವ ಯಾವ ವಿಜೆಟ್ಟಿಗೂ 'ಹೈಟ್' ಬರೀಬೇಡಿ, 'ಮಿನ್-ಹೈಟ್' ಬರೀರಿ, ಅದನ್ನೂ ಪಿಕ್ಸೆಲ್ ಬಿಟ್ಟು 'ಇಎಮ್'ನಲ್ಲಿ, ಫಾಂಟ್ ಬೆಳೆದ ಹಾಗೆ ಅದೂ ಬೆಳೆಯಲಿ. ಲೈನ್-ಹೈಟ್ 1 ಅನ್ನೋದನ್ನು ಕಂಡಲ್ಲಿ ಅಳಿಸಿ. ಓದುವವರು 1.5ಕ್ಕೆ ಏರಿಸಿಕೊಂಡರೂ ಏನೂ ಕತ್ತರಿಸಬಾರದು ಅಂತ 2018ರ ಡಬ್ಲ್ಯುಸಿಎಜಿ 2.1 ವೆಬ್ಬಿಗೆ ಹೇಳಿದೆ, ಡೆಸ್ಕ್‌ಟಾಪಿಗೆ ಅನ್ವಯಿಸಿಕೊಂಡರೆ ಯಾರೂ ಬೈಯಲ್ಲ. ಮೂರು ಚುಕ್ಕಿ ಬೇಕೇ ಬೇಕು ಅಂದ್ರೆ ಅಡ್ಡಕ್ಕೆ ಮಾತ್ರ ಕತ್ತರಿಸಿ: ಓವರ್‌ಫ್ಲೋ-ಎಕ್ಸ್ ಕ್ಲಿಪ್ ಅಂತ ಬರೆದರೆ ಮೂರು ಚುಕ್ಕಿಯೂ ಬರುತ್ತೆ, ಕೆಳಗಿನ ಒತ್ತೂ ಉಳಿಯುತ್ತೆ. ಟೆಸ್ಟ್ ಡೇಟಾದಲ್ಲಿ 'ಲೊರೆಮ್ ಇಪ್ಸಮ್' ಜೊತೆ 'ಶಸ್ತ್ರಾಸ್ತ್ರ' ಒಂದು ಇರಲಿ, ಹಾಗೇ ನಿಮ್ಮ ಅಜ್ಜಿಯ ಹೆಸರೂ ಇರಲಿ.

ಎಲೆಕ್ಟ್ರಾನ್‌ನಲ್ಲಿ ಕೆಲಸ ಮಾಡೋರಿಗೆ ಇನ್ನೊಂದು. ಚಾಲೂ ಇರುವ ಕಿಟಕಿಗೆ ಸಿಎಸ್‌ಎಸ್ ಸೇರಿಸೋಕೆ 'ಇನ್ಸರ್ಟ್‌ಸಿಎಸ್‌ಎಸ್' ಅನ್ನೋ ಫಂಕ್ಷನ್ ಇದೆ, ನಿಮಗೆ ಗೊತ್ತೇ ಇರುತ್ತೆ. ಅದಕ್ಕೆ 'ಸಿಎಸ್‌ಎಸ್‌ಆರಿಜಿನ್' ಅಂತ ಒಂದು ಆಯ್ಕೆ ಕೊಡಬಹುದು. ಬೆಲೆ ಎರಡೇ: 'ಆಥರ್' ಅಥವಾ 'ಯೂಸರ್'. 'ಯೂಸರ್' ಅಂತ ಕೊಟ್ಟರೆ ಆ ಸಾಲುಗಳ '!ಇಂಪಾರ್ಟೆಂಟ್' ನಿಮ್ಮ ಇಡೀ ಡಿಸೈನ್ ಸಿಸ್ಟಮ್ಮಿನ ಮೇಲೆ ಕೂರುತ್ತೆ. ಬಳಸುವವರ ಫೋಲ್ಡರಿನಲ್ಲಿ ಒಂದು ಫೈಲ್ ಇದೆಯಾ ನೋಡಿ, ಇದ್ದರೆ ಓದಿ, ಇದಕ್ಕೆ ಕೊಡಿ. ಹತ್ತು ಸಾಲಿನ ಕೋಡು, ಒಂದು ಮಧ್ಯಾಹ್ನದ ಕೆಲಸ. ಏನೂ ಹೇಳದೆ ಬಿಟ್ಟರೆ ಅದು ತಗೊಳ್ಳೋದು 'ಆಥರ್'.